‘ಐ ವಿಶ್ ಐ ಹ್ಯಾಡ್’: ಇಂಗ್ಲಿಷಿನಲ್ಲಿ ಹಳಹಳಿಕೆಯನ್ನು ಹೇಳಲು ಒಂದು ಸಮಗ್ರ ಮಾರ್ಗದರ್ಶಿ

ಆಗಿಹೋದ ಸಂಗತಿಯನ್ನು ನೆನೆದು ‘ಹಾಗೆ ಮಾಡಿದ್ದರೆ ಚೆನ್ನಾಗಿತ್ತು’ ಎಂದೋ, ‘ಆ ಮಾತು ಆಡದೆ ಇದ್ದಿದ್ದರೆ ಒಳ್ಳೆಯದಿತ್ತು’ ಎಂದೋ ಹೇಳುವುದು ಕನ್ನಡದಲ್ಲಿ ಯಾರಿಗೂ ಕಷ್ಟವಲ್ಲ. ಅದೇ ಭಾವವನ್ನು ಇಂಗ್ಲಿಷಿನಲ್ಲಿ ಹೇಳಬೇಕಾಗಿ ಬಂದಾಗ ಮಾತ್ರ, ಭಾಷೆಯನ್ನು ವರ್ಷಗಟ್ಟಲೆ ಓದಿದವರೂ ಒಂದು ಕ್ಷಣ ತಡವರಿಸುತ್ತಾರೆ. ಕೊನೆಗೆ ‘ಐ ಆಮ್ ಸಾರಿ’ ಎಂದು ಹೇಳಿ ಸುಮ್ಮನಾಗುವವರೇ ಹೆಚ್ಚು. ಆದರೆ ಕ್ಷಮೆ ಕೇಳುವುದು ಬೇರೆ, ಹಳಹಳಿಸುವುದು ಬೇರೆ. ಕ್ಷಮೆಯ ಮಾತು ಎದುರಿಗಿರುವವರಿಗಾಗಿ ಹುಟ್ಟುತ್ತದೆ. ಹಳಹಳಿಕೆಯ ಮಾತು ನಡೆದುಹೋದದ್ದು ಬೇರೆ ರೀತಿಯಲ್ಲಿ ನಡೆದಿರಬಾರದಿತ್ತೇ ಎಂಬ ಒಳಗಿನ ಆಸೆಯಿಂದ ಹುಟ್ಟುತ್ತದೆ. ಈ ಎರಡನೆಯದಕ್ಕೆ ಇಂಗ್ಲಿಷಿನಲ್ಲಿ ಅತ್ಯಂತ ಬಳಕೆಯಲ್ಲಿರುವ ರಚನೆ ‘ಐ ವಿಶ್ ಐ ಹ್ಯಾಡ್’ ಎಂಬುದು.

ಈ ರಚನೆಯನ್ನು ಸೂತ್ರವಾಗಿ ಬಾಯಿಪಾಠ ಮಾಡಿದವರು ಬೇಗ ಮರೆಯುತ್ತಾರೆ, ಇಲ್ಲವೇ ಅರ್ಧ ನೆನಪಿಟ್ಟುಕೊಂಡು ತಪ್ಪಾಗಿ ಬಳಸುತ್ತಾರೆ. ಅದರ ಹಿಂದಿರುವ ತರ್ಕವನ್ನು ಹಿಡಿದವರಿಗೆ ಸೂತ್ರದ ಅಗತ್ಯವೇ ಬೀಳುವುದಿಲ್ಲ. ಆ ತರ್ಕ ಇಷ್ಟೇ: ಈ ರಚನೆಯಲ್ಲಿ ‘ವಿಶ್’ ಎಂಬ ಪದದ ನಂತರ ಬರುವ ಮಾತು ವಾಸ್ತವಕ್ಕೆ ತದ್ವಿರುದ್ಧವಾಗಿರುತ್ತದೆ ಮತ್ತು ಅದರ ಕಾಲ ವಾಸ್ತವದ ಕಾಲಕ್ಕಿಂತ ಒಂದು ಹೆಜ್ಜೆ ಹಿಂದಿರುತ್ತದೆ. ಆದ್ದರಿಂದ ವಾಕ್ಯವನ್ನು ಕಟ್ಟುವ ಮೊದಲು ನಿಜವಾಗಿ ಏನು ನಡೆಯಿತು ಎಂಬುದು ಮಾತನಾಡುವವರಿಗೆ ಸ್ಪಷ್ಟವಾಗಿರಬೇಕು. ತಪ್ಪುಗಳಲ್ಲಿ ಬಹುಪಾಲು ಹುಟ್ಟುವುದು ವ್ಯಾಕರಣದ ಅಜ್ಞಾನದಿಂದಲ್ಲ, ಈ ಮೊದಲ ಸ್ಪಷ್ಟತೆ ಇಲ್ಲದಿರುವುದರಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲ ಹೆಜ್ಜೆ: ನಡೆದದ್ದನ್ನು ನಡೆದಂತೆಯೇ ಹೇಳಿಕೊಳ್ಳಿ

ಹಳಹಳಿಕೆಯ ವಾಕ್ಯಕ್ಕೆ ನೇರವಾಗಿ ಕೈಹಾಕಬೇಡಿ. ಅದರ ಹಿಂದಿರುವ ಸಂಗತಿಯನ್ನು ಸರಳ ಭೂತಕಾಲದಲ್ಲಿ ಒಂದು ಪುಟ್ಟ ವಾಕ್ಯವಾಗಿ ಇಂಗ್ಲಿಷಿನಲ್ಲೇ ಬರೆದುಕೊಳ್ಳಿ. ಪರೀಕ್ಷೆಗೆ ಓದಲಿಲ್ಲ ಎಂಬುದು ಸಂಗತಿಯಾದರೆ ‘ಐ ಡಿಡಂಟ್ ಸ್ಟಡಿ’ ಎಂದು ಬರೆಯಿರಿ. ಗೆಳೆಯನಿಗೆ ಗುಟ್ಟು ಹೇಳಿಬಿಟ್ಟೆ ಎಂಬುದು ಸಂಗತಿಯಾದರೆ ‘ಐ ಟೋಲ್ಡ್ ಹಿಮ್ ದ ಸೀಕ್ರೆಟ್’ ಎಂದು ಬರೆಯಿರಿ. ಇಲ್ಲಿ ಆಸೆಯಾಗಲಿ ಬೇಸರವಾಗಲಿ ಕಾಣಿಸಿಕೊಳ್ಳಬೇಕಾಗಿಲ್ಲ. ವರದಿಯಂತೆ ಒಣಗಿದ ವಾಕ್ಯವಾದರೆ ಸಾಕು.

ಎರಡನೆಯ ಹೆಜ್ಜೆ: ಇಲ್ಲವನ್ನು ಹೌದಾಗಿಸಿ, ಹೌದನ್ನು ಇಲ್ಲವಾಗಿಸಿ

ಈಗ ಆ ವಾಕ್ಯವನ್ನು ತಿರುಗಿಸಬೇಕು. ಮಾಡದೆ ಬಿಟ್ಟ ಕೆಲಸದ ಬಗ್ಗೆ ಕೊರಗುವಾಗ ‘ವಿಶ್’ ನಂತರ ನಿಷೇಧವಿಲ್ಲದ ರೂಪ ಬರುತ್ತದೆ. ಮಾಡಿಬಿಟ್ಟ ಕೆಲಸದ ಬಗ್ಗೆ ಕೊರಗುವಾಗ ನಿಷೇಧರೂಪ ಬರುತ್ತದೆ. ಓದಲಿಲ್ಲವೆಂದು ಕೊರಗುವವನು ‘ಐ ವಿಶ್ ಐ ಹ್ಯಾಡ್ ಸ್ಟಡಿಡ್’ ಎನ್ನುತ್ತಾನೆ, ಅಂದರೆ ಓದಿದ್ದರೆ ಚೆನ್ನಾಗಿತ್ತು. ಗುಟ್ಟು ಹೇಳಿದ್ದಕ್ಕೆ ಕೊರಗುವವಳು ‘ಐ ವಿಶ್ ಐ ಹ್ಯಾಡಂಟ್ ಟೋಲ್ಡ್ ಹಿಮ್ ದ ಸೀಕ್ರೆಟ್’ ಎನ್ನುತ್ತಾಳೆ, ಅಂದರೆ ಹೇಳದೆ ಇದ್ದಿದ್ದರೆ ಒಳ್ಳೆಯದಿತ್ತು. ಕೇಳುವವರು ಈ ವಾಕ್ಯಗಳನ್ನು ತಿರುಗಿಸಿಯೇ ಅರ್ಥಮಾಡಿಕೊಳ್ಳುತ್ತಾರೆ. ‘ಐ ವಿಶ್ ಐ ಹ್ಯಾಡ್ ಗಾನ್’ ಎಂದು ಕೇಳಿದ ಕೂಡಲೇ, ಇವರು ಹೋಗಲಿಲ್ಲ ಎಂಬ ಸಂಗತಿ ಹೇಳದೆಯೇ ತಿಳಿಯುತ್ತದೆ.

ನಿಷೇಧವನ್ನು ಎಲ್ಲಿ ಇಡಬೇಕು ಎಂಬುದೂ ಇಲ್ಲಿಯೇ ತೀರ್ಮಾನವಾಗುತ್ತದೆ. ‘ಐ ಡೋಂಟ್ ವಿಶ್ ಐ ಹ್ಯಾಡ್ ಟೋಲ್ಡ್ ಹಿಮ್’ ಎಂದರೆ ಅರ್ಥವೇ ಬೇರೆಯಾಗಿಬಿಡುತ್ತದೆ: ಅವನಿಗೆ ಹೇಳಿರಲಿಲ್ಲ, ಹೇಳಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನಿಸುತ್ತಿಲ್ಲ ಎಂದಂತಾಗುತ್ತದೆ. ಹಳಹಳಿಕೆಯಲ್ಲಿ ‘ಐ ವಿಶ್’ ಎಂಬುದನ್ನು ಮುಟ್ಟದೆ, ನಿಷೇಧವನ್ನು ಅದರ ನಂತರದ ಭಾಗಕ್ಕೇ ಸೇರಿಸಬೇಕು.

ಮೂರನೆಯ ಹೆಜ್ಜೆ: ಕಾಲವನ್ನು ಒಂದು ಮೆಟ್ಟಿಲು ಹಿಂದಕ್ಕೆ ಸರಿಸಿ

ಸಂಗತಿ ಸರಳ ಭೂತಕಾಲದಲ್ಲಿದ್ದರೆ ಆಸೆ ಅದಕ್ಕಿಂತ ಹಿಂದಿನ ಕಾಲಕ್ಕೆ, ಅಂದರೆ ಪಾಸ್ಟ್ ಪರ್ಫೆಕ್ಟ್‌ಗೆ ಹೋಗಬೇಕು. ‘ಹ್ಯಾಡ್’ ಎಂಬ ಸಹಾಯಕ ಕ್ರಿಯಾಪದ ಮತ್ತು ಅದರ ಜೊತೆಗೆ ಮುಖ್ಯ ಕ್ರಿಯಾಪದದ ಮೂರನೆಯ ರೂಪ, ಇಷ್ಟೇ ಇದರ ಕಟ್ಟಡ. ಕನ್ನಡಿಗರಿಗೆ ಇದು ಅಪರಿಚಿತವಾಗಿ ಕಾಣಬೇಕಾಗಿಲ್ಲ, ಏಕೆಂದರೆ ನಮ್ಮ ಭಾಷೆಯೂ ಇದೇ ಕೆಲಸವನ್ನು ಮಾಡುತ್ತದೆ. ‘ಓದಿದರೆ ಚೆನ್ನಾಗಿರುತ್ತದೆ’ ಎಂಬಲ್ಲಿ ಇನ್ನೂ ಓದುವ ಅವಕಾಶವಿದೆ. ‘ಓದಿದ್ದರೆ ಚೆನ್ನಾಗಿರುತ್ತಿತ್ತು’ ಎಂಬಲ್ಲಿ ಆ ಅವಕಾಶ ಕೈಜಾರಿದೆ. ‘ಓದಿದರೆ’ ಮತ್ತು ‘ಓದಿದ್ದರೆ’ ಎಂಬ ಪದಗಳ ನಡುವೆ ಇರುವುದು ಒಂದು ಒತ್ತಕ್ಷರದ ವ್ಯತ್ಯಾಸ ಮಾತ್ರ. ‘ಓದಿ’ ಎಂಬುದಕ್ಕೆ ‘ಇದ್ದರೆ’ ಸೇರಿದಾಗ ಹುಟ್ಟುವ ಆ ಒತ್ತು, ಇಂಗ್ಲಿಷಿನ ‘ಹ್ಯಾಡ್’ ಮಾಡುವ ಕೆಲಸವನ್ನೇ ಮಾಡುತ್ತದೆ. ಮನಸ್ಸಿನಲ್ಲಿ ‘ಮಾಡಿದ್ದರೆ’, ‘ಹೋಗಿದ್ದರೆ’, ‘ಕೇಳಿದ್ದರೆ’ ಎಂದು ಒತ್ತಿನೊಂದಿಗೆ ಮೂಡಿದ ಮಾತಿಗೆ ಇಂಗ್ಲಿಷಿನಲ್ಲಿ ‘ಹ್ಯಾಡ್’ ಬೇಕು ಎಂದು ತಿಳಿದುಕೊಂಡರೆ ದಾರಿ ಸಲೀಸಾಗುತ್ತದೆ.

ಇಲ್ಲಿ ಜಾಗ್ರತೆ ಬೇಕಾದದ್ದು ಮೂರನೆಯ ರೂಪದ ಆಯ್ಕೆಯಲ್ಲಿ. ‘ಹ್ಯಾಡ್’ ನಂತರ ಎರಡನೆಯ ರೂಪವನ್ನು ಇಡುವುದು ಬಹಳ ಸಾಮಾನ್ಯವಾದ ತಪ್ಪು. ‘ಹ್ಯಾಡ್ ವೆಂಟ್’ ಅಲ್ಲ, ‘ಹ್ಯಾಡ್ ಗಾನ್’. ‘ಹ್ಯಾಡ್ ಸ್ಪೋಕ್’ ಅಲ್ಲ, ‘ಹ್ಯಾಡ್ ಸ್ಪೋಕನ್’. ‘ಹ್ಯಾಡ್ ಟುಕ್’ ಅಲ್ಲ, ‘ಹ್ಯಾಡ್ ಟೇಕನ್’. ‘ಹ್ಯಾಡ್ ನ್ಯೂ’ ಅಲ್ಲ, ‘ಹ್ಯಾಡ್ ನೋನ್’. ಹಳಹಳಿಕೆಯ ಮಾತಿನಲ್ಲಿ ಮತ್ತೆ ಮತ್ತೆ ಬರುವ ಕ್ರಿಯಾಪದಗಳು ಬಹಳ ಇಲ್ಲ: ಹೋಗು, ಹೇಳು, ತಿಳಿ, ಕೇಳು, ಮಾಡು, ತೆಗೆದುಕೊ, ಕಳೆ, ಉಳಿಸು, ಆರಂಭಿಸು, ನಿಲ್ಲಿಸು. ಇವುಗಳಿಗೆ ಇಂಗ್ಲಿಷಿನಲ್ಲಿ ಇರುವ ಮೂರನೆಯ ರೂಪಗಳನ್ನು, ಅಂದರೆ ಗಾನ್, ಟೋಲ್ಡ್, ನೋನ್, ಲಿಸನ್ಡ್, ಡನ್, ಟೇಕನ್, ಸ್ಪೆಂಟ್, ಸೇವ್ಡ್, ಸ್ಟಾರ್ಟೆಡ್, ಸ್ಟಾಪ್ಡ್ ಎಂಬುವನ್ನು, ಬಿಡಿ ಪಟ್ಟಿಯಾಗಿ ಅಲ್ಲದೆ ಪೂರ್ಣ ವಾಕ್ಯಗಳಲ್ಲಿಯೇ ರೂಢಿಸಿಕೊಳ್ಳುವುದು ಉತ್ತಮ. ‘ಐ ವಿಶ್ ಐ ಹ್ಯಾಡ್ ನೋನ್’, ‘ಐ ವಿಶ್ ಐ ಹ್ಯಾಡ್ ಲಿಸನ್ಡ್ ಟು ಯೂ’, ‘ಐ ವಿಶ್ ಐ ಹ್ಯಾಡ್ ಸ್ಟಾರ್ಟೆಡ್ ಅರ್ಲಿಯರ್’ ಎಂಬಂತೆ ಹೇಳುತ್ತಾ ಹೋದಾಗ ರೂಪವೂ ಸಂದರ್ಭವೂ ಒಟ್ಟಿಗೆ ನಾಲಿಗೆಗೆ ಬರುತ್ತವೆ.

‘ಹ್ಯಾಡ್’ ಎರಡು ಸಲ ಬಂದಾಗ

ಕಲಿಯುವವರನ್ನು ಬಹಳ ಗೊಂದಲಕ್ಕೆ ಈಡುಮಾಡುವುದು ‘ಐ ವಿಶ್ ಐ ಹ್ಯಾಡ್ ಹ್ಯಾಡ್ ಮೋರ್ ಟೈಮ್’ ಎಂಬಂತಹ ವಾಕ್ಯ. ಇದು ಅಚ್ಚಿನ ದೋಷವಲ್ಲ. ಮೊದಲನೆಯ ‘ಹ್ಯಾಡ್’ ಸಹಾಯಕ ಕ್ರಿಯಾಪದ, ಎರಡನೆಯದು ‘ಹ್ಯಾವ್’ ಎಂಬ ಮುಖ್ಯ ಕ್ರಿಯಾಪದದ ಮೂರನೆಯ ರೂಪ. ಎರಡನೆಯದನ್ನು ಬಿಟ್ಟು ‘ಐ ವಿಶ್ ಐ ಹ್ಯಾಡ್ ಮೋರ್ ಟೈಮ್’ ಎಂದರೆ ವಾಕ್ಯ ತಪ್ಪಾಗುವುದಿಲ್ಲ, ಆದರೆ ಅದರ ಕಾಲ ಬದಲಾಗುತ್ತದೆ. ಆಗ ಅದು ಈಗ ನನ್ನ ಬಳಿ ಸಮಯವಿಲ್ಲ ಎಂಬ ಕೊರಗಾಗುತ್ತದೆ. ಅಂದು ಸಮಯ ಸಿಗಲಿಲ್ಲ ಎಂಬ ಹಳಹಳಿಕೆಗೆ ಎರಡು ‘ಹ್ಯಾಡ್’ ಬೇಕೇ ಬೇಕು. ಕನ್ನಡದಲ್ಲಿ ‘ಸಮಯ ಇದ್ದಿದ್ದರೆ ಚೆನ್ನಾಗಿತ್ತು’ ಎಂಬ ಒಂದೇ ಮಾತು ಈ ಎರಡೂ ಸಂದರ್ಭಗಳಿಗೆ ಸಲ್ಲುವುದರಿಂದ ಈ ವ್ಯತ್ಯಾಸ ನಮ್ಮ ಕಿವಿಗೆ ತಾನಾಗಿ ಹೊಳೆಯುವುದಿಲ್ಲ. ಹೀಗಾಗಿ ಈ ವಾಕ್ಯವನ್ನು ಬಳಸುವಾಗಲೆಲ್ಲ ‘ಈಗಲೋ, ಆಗಲೋ’ ಎಂದು ತಮ್ಮನ್ನು ತಾವು ಕೇಳಿಕೊಳ್ಳುವುದು ಅಗತ್ಯ.

ಈಗಿನ ಕೊರಗು ಮತ್ತು ಅಂದಿನ ಕೊರಗು

ಮೇಲಿನ ಮಾತು ‘ವಿಶ್’ ಬಳಸಿ ಕೊರಗನ್ನು ಹೇಳುವ ಎಲ್ಲ ಕಡೆಗೂ ಅನ್ವಯಿಸುತ್ತದೆ. ಈಗ ಇರುವ ಸ್ಥಿತಿಯ ಬಗ್ಗೆ ಕೊರಗುವಾಗ ವರ್ತಮಾನದ ಸಂಗತಿ ಒಂದು ಮೆಟ್ಟಿಲು ಹಿಂದೆ ಸರಿದು ಸರಳ ಭೂತಕಾಲವಾಗುತ್ತದೆ. ‘ಐ ಡೋಂಟ್ ನೋ ಹಿಸ್ ನಂಬರ್’ ಎಂಬುದು ಸಂಗತಿಯಾದರೆ ‘ಐ ವಿಶ್ ಐ ನ್ಯೂ ಹಿಸ್ ನಂಬರ್’ ಎಂಬುದು ಕೊರಗು. ರೂಪ ಭೂತಕಾಲದ್ದಾದರೂ ಮಾತು ಈ ಕ್ಷಣದ್ದು. ಇದರ ಪಕ್ಕದಲ್ಲೇ ‘ಐ ವಿಶ್ ಐ ಹ್ಯಾಡ್ ನೋನ್ ಹಿಸ್ ನಂಬರ್’ ಎಂಬುದನ್ನು ಇಟ್ಟು ನೋಡಿ. ಅಂದು ಗೊತ್ತಿರಲಿಲ್ಲ, ಗೊತ್ತಿದ್ದರೆ ಆಗಲೇ ಫೋನ್ ಮಾಡುತ್ತಿದ್ದೆ ಎಂಬ ಹಳೆಯ ಸಂದರ್ಭ ಕಣ್ಣ ಮುಂದೆ ಬರುತ್ತದೆ.

‘ಇರು’ ಎಂಬ ಅರ್ಥದ ಕ್ರಿಯಾಪದ ಬಂದಾಗ ಶಿಷ್ಟ ಬರವಣಿಗೆಯಲ್ಲಿ ‘ಐ ವಿಶ್ ಐ ವರ್’ ಎಂಬ ರೂಪವನ್ನು ಬಳಸುತ್ತಾರೆ. ಆಡುಮಾತಿನಲ್ಲಿ ‘ಐ ವಿಶ್ ಐ ವಾಸ್’ ಎಂಬುದೂ ಧಾರಾಳವಾಗಿ ಕೇಳಿಬರುತ್ತದೆ. ಅರ್ಜಿ, ಪತ್ರ, ಪರೀಕ್ಷೆಯ ಉತ್ತರಗಳಲ್ಲಿ ಮೊದಲನೆಯದನ್ನೇ ಬಳಸುವುದು ಕ್ಷೇಮ. ಅಂದಿನ ಸ್ಥಿತಿಯ ಬಗ್ಗೆಯಾದರೆ ಈ ಗೊಂದಲವೇ ಇಲ್ಲ; ‘ಐ ವಿಶ್ ಐ ಹ್ಯಾಡ್ ಬೀನ್ ದೇರ್’, ಅಂದರೆ ನಾನು ಅಲ್ಲಿ ಇದ್ದಿದ್ದರೆ ಚೆನ್ನಾಗಿತ್ತು.

ಆಗದಿದ್ದುದರ ಬಗ್ಗೆ, ಎಂದರೆ ಸಾಮರ್ಥ್ಯ ಅಥವಾ ಅವಕಾಶದ ಕೊರತೆಯ ಬಗ್ಗೆ ಹೇಳುವಾಗ ‘ಕುಡ್’ ಬರುತ್ತದೆ. ‘ಐ ವಿಶ್ ಐ ಕುಡ್ ಕಮ್’ ಎಂಬುದು ಈಗ ಅಥವಾ ಮುಂದೆ ಬರಲಾಗುವುದಿಲ್ಲ ಎಂದು ನಯವಾಗಿ ತಿಳಿಸುವ ಮಾತು. ಆಹ್ವಾನವನ್ನು ಒಪ್ಪಿಕೊಳ್ಳಲಾಗದಾಗ ಇದಕ್ಕಿಂತ ಸೌಜನ್ಯದ ಮಾತು ಇಂಗ್ಲಿಷಿನಲ್ಲಿ ಸಿಗುವುದು ಕಷ್ಟ. ಸಮಾರಂಭ ಮುಗಿದುಹೋದ ಮೇಲೆ ಅದೇ ಭಾವಕ್ಕೆ ‘ಐ ವಿಶ್ ಐ ಕುಡ್ ಹ್ಯಾವ್ ಕಮ್’ ಎನ್ನಬೇಕು. ಇಲ್ಲಿ ‘ಬರಬೇಕೆಂಬ ಮನಸ್ಸಿತ್ತು, ಆಗಲಿಲ್ಲ’ ಎಂಬ ಧ್ವನಿ ಇದೆ. ‘ಐ ವಿಶ್ ಐ ಹ್ಯಾಡ್ ಕಮ್’ ಎಂದರೆ ಬರುವ ಅವಕಾಶವಿದ್ದೂ ಬರಲಿಲ್ಲ ಎಂಬ ಸೂಚನೆ ಸೇರಬಹುದು. ಆಹ್ವಾನಿಸಿದವರನ್ನು ನೋಯಿಸದೆ ಮಾತನಾಡಬೇಕಾದಲ್ಲಿ ಈ ಸೂಕ್ಷ್ಮ ನೆನಪಿರಬೇಕು.

‘ವುಡ್’ ಎಂಬುದನ್ನು ಮಾತ್ರ ನಮ್ಮ ಸ್ವಂತ ಹಳಹಳಿಕೆಗೆ ಬಳಸುವಂತಿಲ್ಲ. ‘ಐ ವಿಶ್ ಹಿ ವುಡ್ ಲಿಸನ್’ ಎಂಬುದು ಇನ್ನೊಬ್ಬರು ತಮ್ಮ ರೀತಿಯನ್ನು ಬದಲಿಸಿಕೊಳ್ಳಲಿ ಎಂಬ ಅಸಮಾಧಾನದ ಆಸೆ. ತಾನು ತನ್ನ ಬಗ್ಗೆಯೇ ‘ಐ ವಿಶ್ ಐ ವುಡ್’ ಎನ್ನುವುದು ಸಹಜವಾಗಿ ಕೇಳುವುದಿಲ್ಲ. ಅಮೆರಿಕದ ಆಡುಮಾತಿನಲ್ಲಿ ‘ಐ ವಿಶ್ ಐ ವುಡ್ ಹ್ಯಾವ್ ಗಾನ್’ ಎಂಬ ಬಳಕೆ ಕೇಳಿಬರುವುದು ನಿಜ. ಆದರೆ ಶಿಷ್ಟ ಬರವಣಿಗೆ ಅದನ್ನು ಒಪ್ಪುವುದಿಲ್ಲವಾದ್ದರಿಂದ ಕಲಿಯುವವರು ‘ಹ್ಯಾಡ್ ಗಾನ್’ ಎಂಬುದಕ್ಕೇ ಅಂಟಿಕೊಳ್ಳಬೇಕು. ‘ವುಡ್ ಹ್ಯಾವ್’ ಬರುವ ಸರಿಯಾದ ಜಾಗ ಮುಂದಿನ ವಾಕ್ಯ, ಅಂದರೆ ಫಲವನ್ನು ಹೇಳುವ ವಾಕ್ಯ: ‘ಐ ವಿಶ್ ಐ ಹ್ಯಾಡ್ ಲೆಫ್ಟ್ ಅರ್ಲಿಯರ್. ಐ ವುಡ್ ಹ್ಯಾವ್ ಕಾಟ್ ದ ಟ್ರೇನ್.’ ಬೇಗ ಹೊರಟಿದ್ದರೆ ಚೆನ್ನಾಗಿತ್ತು, ರೈಲು ಸಿಗುತ್ತಿತ್ತು.

ಕನ್ನಡದ ನೆರಳು ಬೀಳುವ ಜಾಗಗಳು

ನಮ್ಮ ‘ಹೋಗಿದ್ದರೆ ಚೆನ್ನಾಗಿತ್ತು’ ಎಂಬ ಮಾತಿನಲ್ಲಿ ‘ರೆ’ ಇದೆ, ಅದಕ್ಕೆ ಇಂಗ್ಲಿಷಿನ ‘ಇಫ್’ ಸಮಾನವೆಂದು ನಾವು ಬಾಲ್ಯದಿಂದ ಕಲಿತಿದ್ದೇವೆ. ಆ ನೆನಪು ‘ಐ ವಿಶ್ ಇಫ್ ಐ ಹ್ಯಾಡ್ ಗಾನ್’ ಎಂಬ ತಪ್ಪು ವಾಕ್ಯವನ್ನು ಹುಟ್ಟಿಸುತ್ತದೆ. ‘ವಿಶ್’ ಎಂಬ ಕ್ರಿಯಾಪದದೊಳಗೇ ಆ ‘ರೆ’ ಅಡಗಿರುವುದರಿಂದ ‘ಇಫ್’ ಮತ್ತೆ ಬೇಕಾಗಿಲ್ಲ. ಬೇಕಿದ್ದರೆ ‘ದಟ್’ ಸೇರಿಸಿ ‘ಐ ವಿಶ್ ದಟ್ ಐ ಹ್ಯಾಡ್ ಗಾನ್’ ಎನ್ನಬಹುದು. ಮಾತಿನಲ್ಲಿ ಅದನ್ನೂ ಬಿಡುವುದೇ ರೂಢಿ.

ಎರಡನೆಯ ನೆರಳು ‘ಐ ಆಮ್ ವಿಶಿಂಗ್’ ಎಂಬುದು. ‘ಅಂದುಕೊಳ್ಳುತ್ತಿದ್ದೇನೆ’ ಎಂದು ಕನ್ನಡದಲ್ಲಿ ಹೇಳುವುದು ಸಹಜವಾದರೂ, ಈ ಅರ್ಥದಲ್ಲಿ ‘ವಿಶ್’ ಸಾಮಾನ್ಯವಾಗಿ ಸರಳ ವರ್ತಮಾನದಲ್ಲಿಯೇ ನಿಲ್ಲುತ್ತದೆ. ಕೊರಗು ಹುಟ್ಟಿದ್ದೇ ಹಿಂದೆಂದೋ ಆಗಿದ್ದರೆ ಮಾತ್ರ ‘ವಿಶ್ಡ್’ ಎಂದು ಭೂತಕಾಲಕ್ಕೆ ಹೋಗಬಹುದು. ಆಗಲೂ ಅದರ ನಂತರದ ‘ಹ್ಯಾಡ್’ ಬದಲಾಗುವುದಿಲ್ಲ: ‘ಶಿ ವಿಶ್ಡ್ ಶಿ ಹ್ಯಾಡ್ ಸ್ಟೇಯ್ಡ್’, ಉಳಿದುಕೊಂಡಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

ಇನ್ನು ‘ಹೋಪ್’ ಮತ್ತು ‘ವಿಶ್’ ಎರಡನ್ನೂ ‘ಆಶಿಸು’ ಎಂದೇ ಕಲಿತಿರುವುದರಿಂದ ಅದಲುಬದಲಾಗುವುದುಂಟು. ಆಗಿರಲಿಕ್ಕೂ ಸಾಕು, ಆಗದಿರಲಿಕ್ಕೂ ಸಾಕು ಎಂಬಲ್ಲಿ ‘ಹೋಪ್’. ಆಗಲಿಲ್ಲವೆಂದು ಖಚಿತವಾಗಿ ಗೊತ್ತಿರುವಲ್ಲಿ ‘ವಿಶ್’. ಪ್ರಯಾಣ ಮುಗಿಸಿ ಬಂದವರಿಗೆ ‘ಐ ಹೋಪ್ ಯೂ ಹ್ಯಾಡ್ ಅ ಗುಡ್ ಟ್ರಿಪ್’ ಎನ್ನಬೇಕಾದಲ್ಲಿ ‘ಐ ವಿಶ್ ಯೂ ಹ್ಯಾಡ್ ಹ್ಯಾಡ್ ಅ ಗುಡ್ ಟ್ರಿಪ್’ ಎಂದರೆ, ಅವರ ಪ್ರಯಾಣ ಕೆಟ್ಟದಾಗಿತ್ತು ಎಂದು ನಾವೇ ಸಾರಿದಂತಾಗುತ್ತದೆ.

‘ಶುಡ್ ಹ್ಯಾವ್’ ಎಂಬ ನೆರೆಯ ರಚನೆ

ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಕನ್ನಡಿಗರು ಅರಿವಿಲ್ಲದೆ ಎಡವುವ ಜಾಗ ಇದೇ. ‘ಮಾಡಬೇಕಿತ್ತು’, ‘ಮಾಡಬಾರದಿತ್ತು’ ಎಂಬುವಕ್ಕೆ ಇಂಗ್ಲಿಷಿನಲ್ಲಿ ‘ಶುಡ್ ಹ್ಯಾವ್ ಡನ್’, ‘ಶುಡಂಟ್ ಹ್ಯಾವ್ ಡನ್’ ಎಂಬ ರೂಪಗಳಿವೆ. ‘ಐ ಶುಡ್ ಹ್ಯಾವ್ ಕಾಲ್ಡ್ ಯೂ’ ಎಂದರೆ ನಾನು ನಿಮಗೆ ಫೋನ್ ಮಾಡಬೇಕಿತ್ತು. ‘ಐ ಶುಡಂಟ್ ಹ್ಯಾವ್ ಶೌಟೆಡ್’ ಎಂದರೆ ನಾನು ಕೂಗಾಡಬಾರದಿತ್ತು. ಇಲ್ಲಿಯವರೆಗೆ ಎರಡೂ ಭಾಷೆಗಳು ಕೈಹಿಡಿದು ನಡೆಯುತ್ತವೆ.

ಆದರೆ ನಮ್ಮ ‘ಬೇಕಿತ್ತು’ ಎಂಬುದರ ವ್ಯಾಪ್ತಿ ಬಹಳ ದೊಡ್ಡದು. ಅದು ಕರ್ತವ್ಯವನ್ನೂ ಹೇಳುತ್ತದೆ, ಬರಿಯ ಆಸೆಯನ್ನೂ ಹೇಳುತ್ತದೆ. ‘ನಾನು ಇನ್ನೂ ಸ್ವಲ್ಪ ಎತ್ತರ ಇರಬೇಕಿತ್ತು’ ಎಂದೂ ಹೇಳುತ್ತೇವೆ, ‘ನಿನ್ನೆ ಮಳೆ ಬರಬಾರದಿತ್ತು’ ಎಂದೂ ಹೇಳುತ್ತೇವೆ. ಎತ್ತರವಾಗುವುದು ನಮ್ಮ ಕೈಯಲ್ಲಿರಲಿಲ್ಲ, ಮಳೆಗೆ ಕರ್ತವ್ಯವೆಂಬುದಿಲ್ಲ. ಆದರೂ ಕನ್ನಡದಲ್ಲಿ ಆ ಮಾತು ಎಲ್ಲಿಯೂ ತಡೆಯುವುದಿಲ್ಲ. ಇಂಗ್ಲಿಷಿನ ‘ಶುಡ್ ಹ್ಯಾವ್’ ಹಾಗಲ್ಲ. ಮನುಷ್ಯರ ನಡತೆಗೆ ಬಳಸಿದಾಗ ಅದರಲ್ಲಿ ಹೊಣೆಯ ಭಾರ ಇರುತ್ತದೆ, ತಪ್ಪು ಯಾರದು ಎಂಬ ತೀರ್ಪು ಇರುತ್ತದೆ. ‘ಇಟ್ ಶುಡಂಟ್ ಹ್ಯಾವ್ ರೇನ್ಡ್’ ಎಂದರೆ ಲೆಕ್ಕಾಚಾರದ ಪ್ರಕಾರ ಮಳೆ ಬರುವಂತಿರಲಿಲ್ಲ, ಆದರೂ ಬಂತು ಎಂಬಂತೆ ಕೇಳುತ್ತದೆ. ಕೊರಗು ಅಲ್ಲಿ ಕಾಣುವುದಿಲ್ಲ. ಕೊರಗು ಕಾಣಬೇಕಾದರೆ ‘ಐ ವಿಶ್ ಇಟ್ ಹ್ಯಾಡಂಟ್ ರೇನ್ಡ್’ ಎನ್ನಬೇಕು. ಹಾಗೆಯೇ ಎತ್ತರದ ವಿಷಯದಲ್ಲಿ ‘ಐ ವಿಶ್ ಐ ವರ್ ಟಾಲರ್’ ಎಂಬುದೇ ಸರಿ.

ಆದ್ದರಿಂದ ‘ಬೇಕಿತ್ತು’ ಎಂದು ಮನಸ್ಸಿಗೆ ಬಂದಾಗಲೆಲ್ಲ ಒಂದು ಪ್ರಶ್ನೆ ಕೇಳಿಕೊಳ್ಳಿ: ಅದು ಯಾರದಾದರೂ ಕೈಯಲ್ಲಿತ್ತೇ? ಕೈಯಲ್ಲಿದ್ದು, ಮಾಡದ ಹೊಣೆಯನ್ನು ಹೊರಿಸಲು ಅಥವಾ ಹೊತ್ತುಕೊಳ್ಳಲು ನೀವು ಬಯಸಿದ್ದರೆ ‘ಶುಡ್ ಹ್ಯಾವ್’. ಕೈಯಲ್ಲಿರಲಿಲ್ಲ ಎಂದಾದರೆ, ಅಥವಾ ಹೊಣೆಯ ಮಾತನ್ನು ಎತ್ತದೆ ನೋವನ್ನಷ್ಟೇ ಹೇಳಬೇಕೆಂದಾದರೆ ‘ವಿಶ್’. ಇದು ಇನ್ನೊಬ್ಬರ ವಿಷಯದಲ್ಲಿ ಇನ್ನೂ ಮುಖ್ಯ. ‘ಯೂ ಶುಡ್ ಹ್ಯಾವ್ ಟೋಲ್ಡ್ ಮಿ’ ಎಂಬುದು ನೇರವಾದ ಆರೋಪ. ‘ಐ ವಿಶ್ ಯೂ ಹ್ಯಾಡ್ ಟೋಲ್ಡ್ ಮಿ’ ಎಂಬುದರಲ್ಲಿಯೂ ಬೇಸರವಿದೆ, ಆದರೆ ಅದು ಹೇಳುವವರ ಮನಸ್ಸಿನಿಂದ ಹೊರಡುವುದರಿಂದ ಎದುರಿನವರಿಗೆ ಉತ್ತರ ಕೊಡಲು ಜಾಗ ಉಳಿಯುತ್ತದೆ. ಸಹೋದ್ಯೋಗಿಗಳೊಡನೆ, ಹಿರಿಯರೊಡನೆ, ನೊಂದವರೊಡನೆ ಮಾತನಾಡುವಾಗ ನಾನು ಎರಡನೆಯದನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ. ಮರಣದ ಸಂದರ್ಭದಲ್ಲಿಯಂತೂ ‘ಐ ವಿಶ್ ಐ ಹ್ಯಾಡ್ ನೋನ್ ಹಿಮ್ ಬೆಟರ್’, ಅಂದರೆ ಅವರನ್ನು ಇನ್ನಷ್ಟು ಹತ್ತಿರದಿಂದ ಅರಿತಿದ್ದರೆ ಚೆನ್ನಾಗಿತ್ತು ಎಂಬ ಮಾತಿಗೆ ಇರುವ ಘನತೆ ಉದ್ದನೆಯ ಸಾಂತ್ವನಕ್ಕೂ ಇರುವುದಿಲ್ಲ.

‘ಇಫ್ ಓನ್ಲಿ’

ಇದೇ ವ್ಯಾಕರಣ, ಆದರೆ ಭಾವದ ತೀವ್ರತೆ ಹೆಚ್ಚು. ‘ಇಫ್ ಓನ್ಲಿ ಐ ಹ್ಯಾಡ್ ಲಿಸನ್ಡ್!’ ಎಂಬುದರಲ್ಲಿ ‘ಅಯ್ಯೋ, ಕೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!’ ಎಂಬ ಉದ್ಗಾರವಿದೆ. ವಾಕ್ಯ ಅಲ್ಲಿಗೇ ನಿಲ್ಲಬಹುದು, ಫಲವನ್ನು ಹೇಳಬೇಕೆಂಬ ಕಡ್ಡಾಯವಿಲ್ಲ. ಪದಗಳನ್ನು ಹಿಂದುಮುಂದು ಮಾಡಿ ‘ಓನ್ಲಿ ಇಫ್’ ಎಂದರೆ ಅದು ಷರತ್ತಾಗುತ್ತದೆ, ಹಳಹಳಿಕೆ ಮಾಯವಾಗುತ್ತದೆ. ಸಣ್ಣಪುಟ್ಟ ವಿಷಯಕ್ಕೆಲ್ಲ ಈ ರಚನೆಯನ್ನು ಬಳಸಿದರೆ ಮಾತು ನಾಟಕೀಯವಾಗುತ್ತದೆ.

ಕಿವಿಗೆ ಬೀಳುವ ರೂಪ

ಬರೆಯುವಾಗ ‘ಐ ವಿಶ್ ಐ ಹ್ಯಾಡ್’ ಎಂದು ಬಿಡಿಬಿಡಿಯಾಗಿ ಕಾಣುವುದು ಮಾತಿನಲ್ಲಿ ‘ಐ ವಿಶ್ ಐಡ್’ ಎಂದು ಸಂಕ್ಷೇಪವಾಗುತ್ತದೆ. ವೇಗದ ಮಾತಿನಲ್ಲಿ ಆ ‘ಡ್’ ಕೇಳಿಸಿಯೂ ಕೇಳಿಸದಂತಿರುತ್ತದೆ. ಇನ್ನೊಂದು ತೊಡಕೆಂದರೆ ‘ಐ ವುಡ್’ ಎಂಬುದೂ ‘ಐಡ್’ ಎಂದೇ ಕುಗ್ಗುತ್ತದೆ. ಆಗ ಮುಂದಿನ ಕ್ರಿಯಾಪದವನ್ನು ಗಮನಿಸಬೇಕು. ಅದು ಮೂರನೆಯ ರೂಪದಲ್ಲಿದ್ದರೆ ಕುಗ್ಗಿರುವುದು ‘ಹ್ಯಾಡ್’, ಮೂಲರೂಪದಲ್ಲಿದ್ದರೆ ‘ವುಡ್’. ‘ಐ ವಿಶ್ ಹಿಡ್ ಗಾನ್’ ಎಂದರೆ ಅವನು ಹೋಗಿದ್ದರೆ ಚೆನ್ನಾಗಿತ್ತು. ‘ಐ ವಿಶ್ ಹಿಡ್ ಗೋ’ ಎಂದರೆ ಅವನು ಹೊರಟುಹೋದರೆ ಸಾಕು.

‘ಶುಡ್ ಹ್ಯಾವ್’ ಎಂಬುದು ಮಾತಿನಲ್ಲಿ ‘ಶುಡವ್’ ಎಂದು ಕೇಳಿಸುತ್ತದೆ. ಅದನ್ನು ಕಿವಿಗೆ ಬಿದ್ದಂತೆ ‘ಶುಡ್ ಆಫ್’ ಎಂದು ಬರೆಯುವ ತಪ್ಪನ್ನು ಇಂಗ್ಲಿಷ್ ಮನೆಮಾತಾಗಿರುವವರೂ ಮಾಡುತ್ತಾರೆ. ಬರವಣಿಗೆಯಲ್ಲಿ ಅಲ್ಲಿ ‘ಹ್ಯಾವ್’ ಇರಲೇಬೇಕು.

‘ಸಾರಿ’ ಮತ್ತು ‘ರಿಗ್ರೆಟ್’ ಬಂದಾಗ ತರ್ಕ ತಿರುಗುತ್ತದೆ

‘ವಿಶ್’ ನಂತರ ವಾಸ್ತವವನ್ನು ತಿರುಗಿಸಬೇಕೆಂದು ಮೊದಲೇ ನೋಡಿದೆವು. ‘ಸಾರಿ’ ಮತ್ತು ‘ರಿಗ್ರೆಟ್’ ನಂತರ ಹಾಗಲ್ಲ. ನಡೆದದ್ದನ್ನು ನಡೆದಂತೆಯೇ ಹೇಳಬೇಕು. ಕೂಗಾಡಿದ್ದು ನಿಜವಾದರೆ ‘ಐ ಆಮ್ ಸಾರಿ ಐ ಶೌಟೆಡ್’ ಅಥವಾ ‘ಐ ರಿಗ್ರೆಟ್ ಶೌಟಿಂಗ್’. ಬರಲಿಲ್ಲ ಎಂಬುದು ನಿಜವಾದರೆ ‘ಐ ಆಮ್ ಸಾರಿ ಐ ಡಿಡಂಟ್ ಕಮ್’ ಅಥವಾ ‘ಐ ರಿಗ್ರೆಟ್ ನಾಟ್ ಕಮಿಂಗ್’. ಈ ಎರಡು ಬಗೆಗಳನ್ನು ಬೆರೆಸಿ ‘ಐ ರಿಗ್ರೆಟ್ ಐ ಹ್ಯಾಡ್ ಕಮ್’ ಎಂದುಬಿಟ್ಟರೆ, ಬಂದದ್ದಕ್ಕೇ ಪಶ್ಚಾತ್ತಾಪಪಡುತ್ತಿದ್ದೇವೆ ಎಂಬ ವಿಪರೀತಾರ್ಥ ಬರುತ್ತದೆ.

‘ರಿಗ್ರೆಟ್’ ಎಂಬುದಕ್ಕೆ ‘ಇಂಗ್’ ರೂಪ ಸೇರುವುದಕ್ಕೂ ‘ಟು’ ಸೇರುವುದಕ್ಕೂ ಅಗಾಧ ವ್ಯತ್ಯಾಸವಿದೆ. ‘ಐ ರಿಗ್ರೆಟ್ ಟೆಲಿಂಗ್ ಯೂ’ ಎಂದರೆ ನಿಮಗೆ ಹೇಳಿದ್ದಕ್ಕೆ ಈಗ ಪರಿತಪಿಸುತ್ತಿದ್ದೇನೆ. ‘ಐ ರಿಗ್ರೆಟ್ ಟು ಟೆಲ್ ಯೂ’ ಎಂದರೆ ಕೆಟ್ಟ ಸುದ್ದಿಯೊಂದನ್ನು ಈಗ ಹೇಳಲಿದ್ದೇನೆ, ಅದಕ್ಕಾಗಿ ವಿಷಾದಿಸುತ್ತೇನೆ. ‘ವಿ ರಿಗ್ರೆಟ್ ಟು ಇನ್ಫಾರ್ಮ್ ಯೂ’ ಎಂದು ಆರಂಭವಾಗುವ ಔಪಚಾರಿಕ ಪತ್ರಗಳು ಈ ಎರಡನೆಯ ಬಗೆಗೆ ಸೇರುತ್ತವೆ. ಸ್ನೇಹದ ಮಾತುಕತೆಯಲ್ಲಿ ಅದನ್ನು ಬಳಸಿದರೆ ಕಚೇರಿಯ ಪತ್ರವನ್ನು ಓದಿದಂತಾಗುತ್ತದೆ. ಅಲ್ಲಿ ‘ವಿಶ್’ ಅಥವಾ ‘ಸಾರಿ’ ಸಾಕು.

ಯಾರಿಗಾದರೂ ನಮ್ಮಿಂದ ನೋವಾಗಿದ್ದಾಗ ‘ಐ ವಿಶ್ ಐ ಹ್ಯಾಡಂಟ್ ಸೆಡ್ ದಟ್’ ಎಂದಷ್ಟೇ ಹೇಳಿ ನಿಲ್ಲಿಸಬಾರದು. ಅದು ಆಡಿದವರ ಕೊರಗನ್ನು ತಿಳಿಸುತ್ತದೆಯೇ ಹೊರತು ಕ್ಷಮೆ ಕೇಳುವುದಿಲ್ಲ. ‘ಐ ಆಮ್ ಸಾರಿ ಐ ಸೆಡ್ ದಟ್. ಐ ವಿಶ್ ಐ ಹ್ಯಾಡಂಟ್’ ಎಂದು ಎರಡನ್ನೂ ಈ ಕ್ರಮದಲ್ಲಿಯೇ ಹೇಳಿದರೆ ಮಾತು ಪೂರ್ಣವಾಗುತ್ತದೆ.

ಅಭ್ಯಾಸದ ಕ್ರಮ

ಮೇಲಿನ ಕೊನೆಯ ಉದಾಹರಣೆಯಲ್ಲಿ ವಾಕ್ಯ ‘ಹ್ಯಾಡಂಟ್’ ಎಂಬಲ್ಲಿಗೇ ಮುಗಿದದ್ದನ್ನು ಗಮನಿಸಿರಬಹುದು. ಹಿಂದೆಯೇ ಬಂದ ಕ್ರಿಯಾಪದವನ್ನು ಮತ್ತೆ ಹೇಳುವ ಅಗತ್ಯವಿಲ್ಲ. ಸಂಭಾಷಣೆಯಲ್ಲಿ ಈ ಚಿಕ್ಕ ಉತ್ತರಗಳೇ ಹೆಚ್ಚು ಬಳಕೆಯಾಗುವುದರಿಂದ ಅಭ್ಯಾಸವನ್ನೂ ಇವುಗಳಿಂದಲೇ ಆರಂಭಿಸುವುದು ಒಳ್ಳೆಯದು. ಜೊತೆಗಾರರೊಬ್ಬರು ‘ಡಿಡ್ ಯೂ ಗೋ?’ ಎಂದು ಕೇಳಲಿ. ಹೋಗದಿದ್ದರೆ ‘ನೋ, ಬಟ್ ಐ ವಿಶ್ ಐ ಹ್ಯಾಡ್’ ಎನ್ನಿ. ‘ಡಿಡ್ ಯೂ ಟೆಲ್ ಹರ್?’ ಎಂದು ಕೇಳಲಿ. ಹೇಳಿದ್ದರೆ ‘ಎಸ್, ಬಟ್ ಐ ವಿಶ್ ಐ ಹ್ಯಾಡಂಟ್’ ಎನ್ನಿ. ‘ನೋ’ ಎಂಬುದರ ಬೆನ್ನಿಗೆ ‘ಹ್ಯಾಡ್’, ‘ಎಸ್’ ಎಂಬುದರ ಬೆನ್ನಿಗೆ ‘ಹ್ಯಾಡಂಟ್’ ಬರುವುದನ್ನು ನಾಲಿಗೆ ಬೇಗ ಹಿಡಿಯುತ್ತದೆ. ಇಂತಹ ಉತ್ತರದ ಕೊನೆಯಲ್ಲಿ ‘ಹ್ಯಾಡ್’ ಮೇಲೆ ಒತ್ತು ಬೀಳುವುದರಿಂದ ಅದನ್ನು ‘ಐಡ್’ ಎಂದು ಕುಗ್ಗಿಸಲಾಗದು. ‘ಐ ವಿಶ್ ಐಡ್’ ಎಂದು ವಾಕ್ಯ ಮುಗಿಯುವುದೇ ಇಲ್ಲ.

ಇದು ಸಲೀಸಾದ ಮೇಲೆ ಬರವಣಿಗೆಗೆ ಬನ್ನಿ. ದಿನದ ಕೊನೆಗೆ ಅಂದು ಮಾಡಿದ ಒಂದು ಕೆಲಸವನ್ನೂ ಮಾಡದೆ ಬಿಟ್ಟ ಒಂದು ಕೆಲಸವನ್ನೂ ಸರಳ ಭೂತಕಾಲದಲ್ಲಿ ಬರೆದು, ಪ್ರತಿಯೊಂದರ ಕೆಳಗೆ ‘ವಿಶ್’ ವಾಕ್ಯವನ್ನೂ, ಅದರ ಕೆಳಗೆ ‘ವುಡ್ ಹ್ಯಾವ್’ ಬಳಸಿ ಫಲವನ್ನೂ ಬರೆಯಿರಿ. ‘ಐ ಗಾಟ್ ಅಪ್ ಲೇಟ್. ಐ ವಿಶ್ ಐ ಹ್ಯಾಡಂಟ್ ಗಾಟ್ ಅಪ್ ಲೇಟ್. ಐ ವುಡ್ ಹ್ಯಾವ್ ಫೆಲ್ಟ್ ಬೆಟರ್ ಟುಡೇ.’ ಮೂರೂ ವಾಕ್ಯಗಳನ್ನು ಗಟ್ಟಿಯಾಗಿ ಓದಿ. ಬಳಿಕ ಮೊದಲನೆಯದನ್ನು ಕೈಯಿಂದ ಮುಚ್ಚಿ, ಉಳಿದ ಎರಡನ್ನಷ್ಟೇ ಓದಿ ನಡೆದ ಸಂಗತಿ ಏನೆಂದು ಹೇಳಲು ಇನ್ನೊಬ್ಬರನ್ನು ಕೇಳಿ. ಅವರು ತಡವರಿಸದೆ ಸರಿಯಾಗಿ ಹೇಳಿದರೆ ನಿಮ್ಮ ವಾಕ್ಯ ಸರಿಯಾಗಿ ತಿರುಗಿದೆ. ಅವರು ಅನುಮಾನಿಸಿದರೆ ಎರಡನೆಯ ಹೆಜ್ಜೆಗೆ ಮರಳಿ ‘ಹ್ಯಾಡ್’ ಮತ್ತು ‘ಹ್ಯಾಡಂಟ್’ ಅದಲುಬದಲಾಗಿದೆಯೇ ಎಂದು ನೋಡಿ, ನಂತರ ಕ್ರಿಯಾಪದದ ಮೂರನೆಯ ರೂಪವನ್ನು ಪರೀಕ್ಷಿಸಿ.